ಸಿಂಗಪುರದಿಂದ 4 ರಾತ್ರಿ ಕ್ರೂಸ್: ಬಾಲ್ಕನಿ ಕ್ಯಾಬಿನ್‌ಗೆ ಅಷ್ಟು ದುಡ್ಡು ಸುರಿಯಬೇಕಾ?

ಬನಶಂಕರಿ_2ನೇ_ಹಂತ

ಜನವರಿಯಲ್ಲಿ ಸಿಂಗಪುರದಿಂದ ಹೊರಡೋ 4 ರಾತ್ರಿಯ ಕ್ರೂಸ್ ನೋಡ್ತಿದ್ದೀವಿ. ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ಕ್ಲಾಸ್ ಅನ್ನೋ ಮಾದರಿಯ ಹಡಗು. ನಾಲ್ಕು ಜನ: ನಾವಿಬ್ಬರು, 7 ವರ್ಷದ ಮಗಳು, 69 ವರ್ಷದ ಅತ್ತೆ. ಅತ್ತೆಗೆ ಮಂಡಿ ನೋವು, ಹೆಚ್ಚು ನಡೆಯೋಕಾಗಲ್ಲ.

ಟೈಮ್‌ಟೇಬಲ್ ಹೀಗಿದೆ. ಮೊದಲ ದಿನ ಸಂಜೆ 5ಕ್ಕೆ ಸಿಂಗಪುರ ಬಿಡುತ್ತೆ. ಎರಡನೇ ದಿನ ಮಧ್ಯಾಹ್ನ 2ರಿಂದ ರಾತ್ರಿ 9ರವರೆಗೆ ಪೆನಾಂಗ್. ಮೂರನೇ ದಿನ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಫುಕೆಟ್. ನಾಲ್ಕನೇ ದಿನ ಪೂರ್ತಿ ಸಮುದ್ರ. ಐದನೇ ದಿನ ಬೆಳಿಗ್ಗೆ 7ಕ್ಕೆ ವಾಪಸ್.

ಜಯನಗರದ ಏಜೆಂಟ್ ಕೊಟ್ಟ ಕೋಟ್, ಇಬ್ಬರು ಹಂಚಿಕೊಂಡಾಗ ತಲೆಗೆ: ಕಿಟಕಿ ಇಲ್ಲದ ಇನ್‌ಸೈಡ್ 38,000, ಕಿಟಕಿ ಮಾತ್ರ ಇರೋ ಓಷನ್ ವ್ಯೂ 45,000, ಬಾಲ್ಕನಿ 56,000. ಅದೇ ಕ್ಯಾಬಿನ್‌ನಲ್ಲಿ ಮೂರನೆಯವರು, ನಾಲ್ಕನೆಯವರು ಇದ್ರೆ ತಲೆಗೆ 30,000. ಪೋರ್ಟ್ ಚಾರ್ಜ್ ಬೇರೆ, ಅದು ಎಲ್ಲ ಕ್ಯಾಬಿನ್‌ಗೂ ಒಂದೇ.

ನಮ್ಮೆಜಮಾನ್ರು ಬಾಲ್ಕನಿನೇ ಬೇಕು ಅಂತಾರೆ. ನಂಗೆ ದುಡ್ಡು ದಂಡ ಅನ್ಸುತ್ತೆ. ಇಷ್ಟು ಚಿಕ್ಕ ಟ್ರಿಪ್‌ಗೆ ತಲೆಗೆ 18,000 ಹೆಚ್ಚು ಕೊಡೋದು ಸರಿನಾ? ತಗೊಂಡ್ರೆ ನಾಲ್ಕೂ ಜನ ಒಂದೇ ಬಾಲ್ಕನಿ ಕ್ಯಾಬಿನ್‌ನಲ್ಲಿ ಹಿಡಿಸ್ತೀವಾ? ಗೊತ್ತಿರೋರು ಹೇಳಿ.

ಡೆಕ್_ಪ್ಲಾನ್

ಮೇಡಂ, ರೇಟ್ ಪಕ್ಕಕ್ಕಿಟ್ಟು ಮೊದಲು ಟೈಮ್‌ಟೇಬಲ್ ಹಿಡ್ಕೊಳ್ಳಿ. ಬಾಲ್ಕನಿಗೆ ಬೆಲೆ ಬರಬೇಕಾದ್ರೆ ಹಗಲೂ ಇರಬೇಕು, ಹಡಗೂ ಓಡ್ತಿರಬೇಕು. ಅಷ್ಟು ಗಂಟೆ ಮಾತ್ರ ಎಣಿಸಿ. ಸಿಂಗಪುರದಲ್ಲಿ ವರ್ಷವಿಡೀ ಹೆಚ್ಚುಕಮ್ಮಿ ಬೆಳಿಗ್ಗೆ 7ಕ್ಕೆ ಬೆಳಕು, ಸಂಜೆ 7ಕ್ಕೆ ಕತ್ತಲು. ಮೊದಲ ದಿನ 5ರಿಂದ 7, ಎರಡು ಗಂಟೆ. ಎರಡನೇ ದಿನ ಪೆನಾಂಗ್ ತಲುಪೋವರೆಗೆ ಏಳು. ಮೂರನೇ ದಿನ ಬೆಳಿಗ್ಗೆ ಎರಡು. ನಾಲ್ಕನೇ ದಿನ ಹನ್ನೆರಡು. ಒಟ್ಟು 23 ಗಂಟೆ.

ಈಗ ಅದರಲ್ಲಿ ತಿಂಡಿ, ಊಟ, ಈಜುಕೊಳ, ಮಗುವಿನ ಆಟ ಕಳೀರಿ. ಕ್ವಾಂಟಮ್ ಕ್ಲಾಸ್‌ನಲ್ಲಿ ಮಕ್ಕಳಿಗೆ ಬಂಪರ್ ಕಾರು, ಗೋಡೆ ಹತ್ತೋದು ಎಲ್ಲ ಇದೆ; ಒಮ್ಮೆ ಕಣ್ಣಿಗೆ ಬಿದ್ರೆ ಮಗು ರೂಮಿಗೆ ಬರಲ್ಲ. ದಂಪತಿಗೆ ಬಾಲ್ಕನಿಯಲ್ಲಿ ಕೂರೋಕೆ ಸಿಗೋದು ಆರೆಂಟು ಗಂಟೆ. ಇಬ್ಬರಿಗೆ 36,000 ಹೆಚ್ಚು, ಎಂಟು ಗಂಟೆ ಅಂತಿಟ್ಕೊಂಡ್ರೂ ಗಂಟೆಗೆ 4,500 ರೂಪಾಯಿ. ಅದೇ ಸಮುದ್ರ ಮೇಲಿನ ಓಪನ್ ಡೆಕ್‌ನಿಂದ ಪುಕ್ಕಟೆ ಕಾಣುತ್ತೆ.

ಹಡಗು ನಿಂತಿದ್ದಾಗಿನ ನೋಟಕ್ಕೂ ಹೆಚ್ಚು ಆಸೆ ಇಟ್ಕೋಬೇಡಿ. ಪೆನಾಂಗ್‌ನಲ್ಲಿ ಸ್ವೆಟ್ಟೆನ್‌ಹ್ಯಾಮ್ ಕಟ್ಟೆಗೆ ಹಡಗು ತಾಗಿ ನಿಲ್ಲುತ್ತೆ, ನಿಮ್ಮ ಬದಿಗೆ ಜಾರ್ಜ್ ಟೌನ್ ಊರು ಕಾಣಬಹುದು, ಇಲ್ಲಾ ಬರೀ ಜಲಸಂಧಿಯ ನೀರು ಕಾಣಬಹುದು. ಅಷ್ಟಕ್ಕೂ ಆ ಹೊತ್ತಲ್ಲಿ ನೀವು ಊರೊಳಗೆ ಇರ್ತೀರಿ.

ಅಲಾಸ್ಕಾ, ನಾರ್ವೆ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಸಮುದ್ರ) ಆಗಿದ್ರೆ ಕಣ್ಣು ಮುಚ್ಚಿ ಬಾಲ್ಕನಿ ತಗೊಳ್ಳಿ ಅಂತಿದ್ದೆ. ಅಲ್ಲಿ ದಡ ಹತ್ತಿರ, ಹಡಗು ದಿನವಿಡೀ ನಿಧಾನಕ್ಕೆ ಹೋಗುತ್ತೆ, ಮೇಲಿನ ಡೆಕ್‌ನಲ್ಲಿ ಚಳಿಗಾಳಿಗೆ ಹತ್ತು ನಿಮಿಷ ನಿಲ್ಲೋಕಾಗಲ್ಲ. ನೀವು ಹೋಗೋ ಮಲಕ್ಕಾ ಜಲಸಂಧಿ ಹಾಗಲ್ಲ. ಬಹುಪಾಲು ದಾರಿಯಲ್ಲಿ ಕಾಣೋದು ನೀರು ಮತ್ತು ಸರಕು ಹಡಗುಗಳು. ನಿಜ ಹೇಳಬೇಕಂದ್ರೆ ಅಲ್ಲಿ ರಾತ್ರಿಯೇ ಚೆಂದ. ಜಗತ್ತಿನ ಅತಿ ದಟ್ಟಣೆಯ ಹಡಗು ದಾರಿಗಳಲ್ಲಿ ಅದೂ ಒಂದು, ಸಾಲು ದೀಪ ಮುಗಿಯೋದೇ ಇಲ್ಲ.

ಇನ್‌ಸೈಡ್ ತಗೊಂಡ್ರೆ 'ವರ್ಚುವಲ್ ಬಾಲ್ಕನಿ' ಅಂತ ಕ್ಯಾಟಗರಿ ಹೆಸರಲ್ಲಿ ಇದ್ಯಾ ಕೇಳಿ. ಕ್ವಾಂಟಮ್ ಕ್ಲಾಸ್‌ನಲ್ಲಿ ಒಳಗಿನ ಕ್ಯಾಬಿನ್‌ಗೆ ನೆಲದಿಂದ ಚಾವಣಿವರೆಗೆ ಪರದೆ ಹಾಕಿ, ಹೊರಗಿನ ಕ್ಯಾಮೆರಾ ದೃಶ್ಯ ಅದೇ ಕ್ಷಣಕ್ಕೆ ತೋರಿಸ್ತಾರೆ. ಗಾಳಿ ಬರಲ್ಲ, ಆದ್ರೆ ಹಗಲೋ ರಾತ್ರಿಯೋ ಅನ್ನೋದಾದ್ರೂ ಗೊತ್ತಾಗುತ್ತೆ. ಅದಿಲ್ಲದ ಇನ್‌ಸೈಡ್ ಕ್ಯಾಬಿನ್ ದೀಪ ಆರಿಸಿದ್ರೆ ಗವ್ವನೆ ಕತ್ತಲು. ಮಗು ಇರೋದ್ರಿಂದ ಬ್ಯಾಟರಿಯ ಸಣ್ಣ ದೀಪ ಒಂದು ಒಯ್ಯಿರಿ, ಬಾತ್‌ರೂಮ್ ಬಾಗಿಲ ಹತ್ತಿರ ಇಡಿ.

ಲೆಕ್ಕ_ಪಕ್ಕಾ

ಎರಡನೇ ಪ್ರಶ್ನೆಗೆ: ನಾಲ್ಕು ಜನ ಒಂದೇ ಬಾಲ್ಕನಿ ಕ್ಯಾಬಿನ್ ಬೇಡ. ಕಾಗದದ ಮೇಲೆ ಹಿಡಿಸುತ್ತೆ, ನೆಲದ ಮೇಲೆ ಹಿಡಿಸಲ್ಲ.

ಮಾಮೂಲಿ ಬಾಲ್ಕನಿ ಕ್ಯಾಬಿನ್ ಒಳಗೆ 180–200 ಚದರಡಿ. ಬಾಲ್ಕನಿ 40–55 ಚದರಡಿ, ನಮ್ಮ ಅಪಾರ್ಟ್‌ಮೆಂಟ್‌ಗಳ ಯುಟಿಲಿಟಿ ಇದ್ದ ಹಾಗೆ. ಎರಡು ಕುರ್ಚಿ, ಒಂದು ಪುಟ್ಟ ಟೇಬಲ್, ಮುಗೀತು. ನಾಲ್ಕು ಜನರ ಕ್ಯಾಬಿನ್ ಅಂದ್ರೆ ಒಂದು ಡಬಲ್ ಹಾಸಿಗೆ, ಬಿಚ್ಚಿ ಹಾಸೋ ಸೋಫಾ, ಇಲ್ಲಾ ಚಾವಣಿಯಿಂದ ಇಳಿಸೋ ಮೇಲಿನ ಬರ್ತ್. ಮೇಲಿನ ಬರ್ತ್‌ಗೆ ಏಣಿ ಹತ್ತಬೇಕು, ಅತ್ತೆಯವರಿಗೆ ಅದು ಆಗದ ಮಾತು. ಸೋಫಾ ಹಾಸಿಗೆ ನೆಲಕ್ಕೆ ತಗ್ಗು, ಮಂಡಿ ನೋವಿದ್ದೋರು ಅದರಿಂದ ಏಳೋದೇ ಕಷ್ಟ.

ಇನ್ನೊಂದು ಯಾರೂ ಹೇಳದ ವಿಷಯ. ಒಂದೇ ಕ್ಯಾಟಗರಿಯಲ್ಲೇ ಎರಡು ಥರ ಜೋಡಣೆ ಇರುತ್ತೆ: ಕೆಲವದರಲ್ಲಿ ಹಾಸಿಗೆ ಬಾಲ್ಕನಿ ಕಡೆ, ಕೆಲವದರಲ್ಲಿ ಸೋಫಾ ಬಾಲ್ಕನಿ ಕಡೆ. ಸೋಫಾ ಬಾಲ್ಕನಿ ಕಡೆ ಇದ್ರೆ, ಅದನ್ನ ಬಿಚ್ಚಿ ಹಾಸಿದಾಗ ಬಾಲ್ಕನಿ ಬಾಗಿಲಿಗೆ ದಾರಿನೇ ಇರಲ್ಲ. ಬೆಳಿಗ್ಗೆ ಸೂರ್ಯೋದಯ ನೋಡಬೇಕಂದ್ರೆ ಮಲಗಿರೋ ಮಗುವನ್ನ ದಾಟಿ ಹೋಗಬೇಕು. ಡೆಕ್ ಪ್ಲಾನ್‌ನಲ್ಲಿ (ಹಡಗಿನ ಒಂದೊಂದು ಅಂತಸ್ತಿನ ನಕ್ಷೆ) ಕ್ಯಾಬಿನ್ ನಂಬರ್ ಒತ್ತಿದ್ರೆ ಒಳಗಿನ ಚಿತ್ರ ಬರುತ್ತೆ, ಇಲ್ಲದಿದ್ರೆ ಏಜೆಂಟ್ ಹತ್ರ ಬಾಯಿಬಿಟ್ಟು ಕೇಳಿ.

ನಿಮ್ಮ ಕೋಟ್ ಪ್ರಕಾರ:

ಒಂದೇ ಬಾಲ್ಕನಿ, ನಾಲ್ಕು ಜನ: 56×2 + 30×2 = 1,72,000
ಎರಡು ಇನ್‌ಸೈಡ್: 38×4 = 1,52,000
ಒಂದು ಬಾಲ್ಕನಿ, ಒಂದು ಇನ್‌ಸೈಡ್: 1,88,000
ಎರಡು ಬಾಲ್ಕನಿ: 2,24,000

ನೋಡಿ, ಒಂದೇ ಕ್ಯಾಬಿನ್‌ನಲ್ಲಿ ನಾಲ್ವರು ತುಂಬಿಕೊಳ್ಳೋದಕ್ಕೂ ಒಂದು ಬಾಲ್ಕನಿ ಜೊತೆ ಒಂದು ಇನ್‌ಸೈಡ್‌ಗೂ ವ್ಯತ್ಯಾಸ ಬರೀ 16,000. ಆ ದುಡ್ಡಿಗೆ ಎರಡನೇ ಬಾತ್‌ರೂಮ್ ಬಂತು. ಬೆಳಿಗ್ಗೆ ಫುಕೆಟ್‌ಗೆ ಇಳಿಯೋಕೆ ನಾಲ್ಕು ಜನ ರೆಡಿಯಾಗೋವಾಗ ಆ ಬಾತ್‌ರೂಮಿನ ಬೆಲೆ ಗೊತ್ತಾಗುತ್ತೆ.

ಕಾರಿಡಾರ್‌ನ ಆಚೆ ಬದಿ ಬಾಲ್ಕನಿ, ಅದರ ಎದುರೇ ಇನ್‌ಸೈಡ್ ಸಿಗುತ್ತೆ. ಎದುರುಬದುರು ನಂಬರ್ ಕೇಳಿ ಬುಕ್ ಮಾಡಿ. ಪ್ರತಿ ಕ್ಯಾಬಿನ್‌ಗೂ ದೊಡ್ಡೋರು ಒಬ್ಬರ ಹೆಸರು ಇರಲೇಬೇಕು, ಆದ್ರೆ ಬುಕಿಂಗ್‌ನಲ್ಲಿ ಹೆಸರು ಹೇಗೇ ಇರ್ಲಿ, ಹತ್ತಿದ ಮೇಲೆ ಯಾರು ಎಲ್ಲಿ ಮಲಗ್ತೀರೋ ನಿಮ್ಮಿಷ್ಟ. ಗೆಸ್ಟ್ ಸರ್ವಿಸ್ ಕೌಂಟರ್‌ನಲ್ಲಿ ಹೇಳಿದ್ರೆ ಇನ್ನೊಂದು ಕ್ಯಾಬಿನ್‌ಗೂ ಕೀ ಕಾರ್ಡ್ ಮಾಡ್ಕೊಡ್ತಾರೆ. ಹತ್ತಿದ ದಿನ ಸಂಜೆ ಆ ಕೌಂಟರ್ ಮುಂದೆ ಉದ್ದ ಕ್ಯೂ. ಹತ್ತಿದ ತಕ್ಷಣ ಅದೇ ಮೊದಲ ಕೆಲಸ ಮುಗಿಸ್ಕೊಳ್ಳಿ.

ವಿಜಯನಗರ_ಪ್ರಯಾಣಿಕ

ಡೆಕ್_ಪ್ಲಾನ್ ಅವರ ಗಂಟೆ ಲೆಕ್ಕ ಗಂಡ ಹೆಂಡತಿಗೆ ಸರಿ. ಅತ್ತೆಯವರಿಗೆ ಆ ಲೆಕ್ಕ ತಲೆಕೆಳಗು. ಹಡಗಿನ ಉದ್ದ 348 ಮೀಟರ್. ತುದಿಯ ಕ್ಯಾಬಿನ್‌ನಿಂದ ಇನ್ನೊಂದು ತುದಿಯ ಥಿಯೇಟರ್‌ಗೆ ಹೋಗಿ ಬರೋದೇ ಅರ್ಧ ಕಿಲೋಮೀಟರ್ ದಾಟುತ್ತೆ. ಫುಕೆಟ್‌ನಲ್ಲಿ ಹಡಗು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಟೆಂಡರ್ ಅನ್ನೋ ಸಣ್ಣ ದೋಣಿಯಲ್ಲಿ ದಡಕ್ಕೆ ಕರ್ಕೊಂಡು ಹೋಗುತ್ತೆ. ಅಲುಗಾಡೋ ದೋಣಿಗೆ ಹೆಜ್ಜೆ ಇಡೋದು ಮಂಡಿ ನೋವಿದ್ದೋರಿಗೆ ಸುಲಭ ಅಲ್ಲ, ಅವರು ಆ ದಿನ ಹಡಗಲ್ಲೇ ಉಳಿಯೋ ಸಾಧ್ಯತೆ ಹೆಚ್ಚು. ಲಂಗರು ಹಾಕಿದ ಹಡಗು ಗಾಳಿ, ಪ್ರವಾಹಕ್ಕೆ ತಿರುಗ್ತಾ ಇರುತ್ತೆ, ಹಾಗಾಗಿ ಯಾವ ಬದಿ ಬಾಲ್ಕನಿಗೂ ದಡ ಆಗಾಗ ಕಾಣುತ್ತೆ. ಅವರ ಪಾಲಿಗೆ ಬಾಲ್ಕನಿ 20 ಗಂಟೆ ದಾಟುತ್ತೆ. ಕಾಫಿ ತರಿಸ್ಕೊಂಡು, ಯಾರಿಗೂ ಕಾಯದೆ ಕೂತಿರಬಹುದು. ಆದ್ರಿಂದ ಲೆಕ್ಕ_ಪಕ್ಕಾ ಹೇಳಿದ ಮೂರನೇ ಸಾಲೇ ನನ್ನ ಓಟು, ಆದ್ರೆ ಬಾಲ್ಕನಿ ಅತ್ತೆ ಮತ್ತು ಮೊಮ್ಮಗಳಿಗೆ, ಇನ್‌ಸೈಡ್ ನಿಮ್ಮಿಬ್ಬರಿಗೆ. ಸಂಜೆ ನೀವೂ ಅಲ್ಲೇ ಕೂತ್ಕೊಳ್ಳಿ, ಯಾರು ಬೇಡ ಅಂದ್ರು?

ಎಚ್ಚರ ಬೇಕಾದ ಜಾಗ ಹೇಳ್ತೀನಿ.

ಬಾಲ್ಕನಿ ಬಾಗಿಲಿಗೆ ಹೊಸ್ತಿಲು ಇದೆ, ಬಾತ್‌ರೂಮಿಗೂ ಇದೆ. ನೀರು ಒಳಗೆ ಬರದಿರಲಿ ಅಂತ ಎತ್ತರ ಮಾಡಿರ್ತಾರೆ. ಕಾಲು ಎಳೆದು ನಡೆಯೋರು ಎಡವೋದು ಅಲ್ಲೇ. ಮೊದಲ ದಿನವೇ ಎರಡೂ ಕಡೆ ಕರ್ಕೊಂಡು ಹೋಗಿ ತೋರಿಸಿ. ಬಾಗಿಲು ಭಾರ. ಹಡಗು 18–20 ನಾಟ್ ವೇಗದಲ್ಲಿ ಓಡಿದ್ರೆ ಗಾಳಿಯೇ ಇಲ್ಲದ ದಿನವೂ ಎದುರುಗಾಳಿ ಗಂಟೆಗೆ 33–37 ಕಿಲೋಮೀಟರ್ ವೇಗದ್ದಾಗುತ್ತೆ. ಬಾಲ್ಕನಿ ಬಾಗಿಲು ತೆಗೆದಿರುವಾಗಲೇ ಯಾರೋ ಕಾರಿಡಾರ್ ಬಾಗಿಲು ತೆಗೆದ್ರೆ, ಗಾಳಿ ನುಗ್ಗಿ ಬಾಗಿಲು ಧಡಾರಂತ ಬಡಿಯುತ್ತೆ. ಬೆರಳು ಜಜ್ಜಿಹೋಗೋದು ಹೀಗೆ. ಒಂದು ತೆಗೆದಿದ್ರೆ ಇನ್ನೊಂದು ಮುಚ್ಚಿರಬೇಕು ಅಂತ ಮನೆಯವರೆಲ್ಲರಿಗೂ ಹೇಳಿಡಿ.

ಬಾಗಿಲು ತೆಗೆದು ಮಲಗೋ ಆಸೆ ಬೇಡ. ಆ ಕಡೆಯ ಗಾಳಿಯಲ್ಲಿ ತೇವ ವಿಪರೀತ, ಎಸಿಯ ತಣ್ಣನೆ ಗ್ರಿಲ್‌ಗೆ ತಾಗಿದ್ರೆ ನೀರಾಗಿ ತೊಟ್ಟಿಕ್ಕುತ್ತೆ, ನೆಲ ಜಾರುತ್ತೆ. ಕೆಲವು ಹಡಗಲ್ಲಿ ಬಾಗಿಲು ತೆಗೆದ್ರೆ ಎಸಿ ತಾನೇ ನಿಲ್ಲುತ್ತೆ.

ಮಗು ಇರೋದ್ರಿಂದ: ಕಟಕಟೆ ಎತ್ತರ ಸುಮಾರು 42 ಅಂಗುಲ ಇರುತ್ತೆ. 7 ವರ್ಷದ ಮಗು ನಿಂತ್ರೆ ಭಯ ಇಲ್ಲ, ಕುರ್ಚಿ ಮೇಲೆ ಹತ್ತಿದ್ರೆ ಭಯ ಇದೆ. ಕುರ್ಚಿ, ಟೇಬಲ್ ಎರಡನ್ನೂ ಕ್ಯಾಬಿನ್ ಗೋಡೆಗೆ ಒತ್ತಿ ಇಡಿ, ಕಟಕಟೆ ಹತ್ರ ಬಿಡಬೇಡಿ. ಬಾಗಿಲ ಮೇಲ್ಭಾಗದಲ್ಲಿ ಮಗುವಿಗೆ ಎಟುಕದ ಚಿಲಕ ಇದ್ಯಾ ಅಂತ ಕ್ಯಾಬಿನ್ ನೋಡ್ಕೊಳ್ಳೋ ಸಿಬ್ಬಂದಿಯನ್ನ ಕೇಳಿ. ಅಜ್ಜಿ ನಿದ್ದೆಯಲ್ಲಿರುವಾಗ ಬಾಗಿಲಿಗೆ ಬೀಗ.

ಒಗೆದ ಬಟ್ಟೆ, ಒದ್ದೆ ಟವೆಲ್ ಕಟಕಟೆ ಮೇಲೆ ಹರವೋ ಹಾಗಿಲ್ಲ. ಅದು ಹಾರಿ ಕೆಳಗಿನ ಬಾಲ್ಕನಿಗೋ ಸಮುದ್ರಕ್ಕೋ ಹೋಗುತ್ತೆ ಅನ್ನೋದಕ್ಕಿಂತ, ನಿಯಮವೇ ಹರವಬೇಡಿ ಅನ್ನುತ್ತೆ. ಬಾತ್‌ರೂಮಲ್ಲಿ ಎಳೆಯೋ ದಾರ ಇರುತ್ತೆ, ಅದರ ಮೇಲೆ ಹಾಕಿ. ಹಾಗೇ ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಒಯ್ಯಬೇಡಿ. ಲಗೇಜ್ ಸ್ಕ್ಯಾನ್‌ನಲ್ಲಿ ಹಿಡಿದು ಇಟ್ಕೊಳ್ತಾರೆ, ಇಳಿಯೋ ದಿನವೇ ವಾಪಸ್ ಸಿಗೋದು.

ಗಾಂಧಿಬಜಾರ್_ಕಾಫಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗೋ ಕಾರ್ಡೆಲಿಯಾ ಕ್ರೂಸ್‌ಗೂ ಇದೇ ಲೆಕ್ಕನಾ?

ಡೆಕ್_ಪ್ಲಾನ್

ಇಲ್ಲ ಸರ್. ಕಾರ್ಡೆಲಿಯಾದ ಎಂಪ್ರೆಸ್ 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅಂತ ಸೇವೆಗೆ ಬಂದ ಹಡಗು. ಆ ಕಾಲದ ಹಡಗುಗಳಿಗೆ ಬಾಲ್ಕನಿ ಇರ್ತಿದ್ದದ್ದೇ ಕಮ್ಮಿ. ಅದರಲ್ಲಿ ಬಾಲ್ಕನಿ ಸಿಗೋದು ಮಿನಿ ಸೂಟ್‌ನಿಂದ ಮೇಲಕ್ಕೆ, ಹಾಗಾಗಿ ಬೆಲೆ ಒಂದೇ ಏಟಿಗೆ ಜಿಗಿಯುತ್ತೆ. ಅಲ್ಲಿ ಇನ್‌ಸೈಡೋ ಓಷನ್ ವ್ಯೂನೋ ಅನ್ನೋದೇ ಪ್ರಶ್ನೆ ಆಗ್ಬೇಕು. ಗೋವಾ ದಾರಿ ದಕ್ಷಿಣಕ್ಕೆ, ಹೋಗ್ತಾ ಸೂರ್ಯಾಸ್ತ ಬಲಬದಿ, ಕರಾವಳಿ ಎಡಬದಿ. ಬರ್ತಾ ಅದಲುಬದಲು. ವೀಕೆಂಡ್ ಟ್ರಿಪ್‌ಗೆ ಇನ್‌ಸೈಡ್ ಸಾಕು. ಲಕ್ಷದ್ವೀಪದ್ದಾದ್ರೆ ಸಮುದ್ರದ ಹಗಲು ಹೆಚ್ಚು, ಕಿಟಕಿಗೆ ಕೊಡಬಹುದು.

ಬನಶಂಕರಿ_2ನೇ_ಹಂತ

ತುಂಬಾ ಥ್ಯಾಂಕ್ಸ್. ಒಂದು ಬಾಲ್ಕನಿ, ಒಂದು ಇನ್‌ಸೈಡ್ ಅಂತ ಮನೇಲಿ ಒಪ್ಪಿದ್ರು. ಈಗ ಏಜೆಂಟ್ ಎರಡು ಮಾತು ಹೇಳ್ತಿದ್ದಾರೆ. 'ಗ್ಯಾರಂಟಿ' ಬಾಲ್ಕನಿ ತಗೊಂಡ್ರೆ ತಲೆಗೆ 4,000 ಕಮ್ಮಿ ಅಂತೆ. ಇಲ್ಲಾ ಎರಡೂ ಇನ್‌ಸೈಡ್ ತಗೊಂಡು, ಆಮೇಲೆ ಅಪ್‌ಗ್ರೇಡ್‌ಗೆ ಬಿಡ್ ಹಾಕಿ (ಬಾಲ್ಕನಿಗೆ ಇಷ್ಟು ಕೊಡ್ತೀವಿ ಅಂತ ಕಂಪನಿಗೆ ಹೇಳೋದು), ಅಗ್ಗಕ್ಕೆ ಸಿಗುತ್ತೆ ಅಂತ. ಯಾವುದು ವಾಸಿ? ಅತ್ತೆಗೆ ಬಸ್‌ನಲ್ಲೂ ವಾಂತಿ ಬರುತ್ತೆ, ಯಾವ ಡೆಕ್, ಯಾವ ಬದಿ ಅಂತಲೂ ಹೇಳಿ.

ಲೆಕ್ಕ_ಪಕ್ಕಾ

ನಿಮಗೆ ಎರಡೂ ಬೇಡ.

ಗ್ಯಾರಂಟಿ ಅಂದ್ರೆ ಕ್ಯಾಟಗರಿ ಮಾತ್ರ ಗ್ಯಾರಂಟಿ. ನಂಬರ್ ಕಂಪನಿ ಕೊಟ್ಟಿದ್ದು. ಉಳಿಯೋದು ಇಬ್ಬರಿಗೆ 8,000, ಸಿಗೋದು ಯಾರೂ ಆರಿಸದೆ ಉಳಿದ ಕ್ಯಾಬಿನ್: ತೀರಾ ಮುಂದೆ, ತೀರಾ ಹಿಂದೆ, ಲಿಫ್ಟ್‌ನಿಂದ ದೂರ. ನಿಮ್ಮ ಇನ್‌ಸೈಡ್ ಕ್ಯಾಬಿನ್ ಬೇರೆ ಡೆಕ್‌ನಲ್ಲಿದ್ರೆ ಎದುರುಬದುರು ಅನ್ನೋ ಪ್ಲಾನೇ ಹೋಯ್ತು. ಮಂಡಿ ನೋವಿಲ್ಲದ ಜೋಡಿಗಾದ್ರೆ ಗ್ಯಾರಂಟಿ ಒಳ್ಳೆ ಆಯ್ಕೆ.

ಬಿಡ್‌ನಲ್ಲೂ ಅದೇ ತೊಡಕು. ಪರದೆ ಮೇಲೆ ತೋರಿಸೋ ಮೊತ್ತ ತಲೆಗೆ, ಕ್ಯಾಬಿನ್‌ಗಲ್ಲ, ಇಬ್ಬರಿಗೆ ಗುಣಿಸ್ಕೊಳ್ಳಿ. ಒಪ್ಪಿಗೆ ಆದ ಕೂಡಲೇ ಕಾರ್ಡ್‌ನಿಂದ ದುಡ್ಡು ಹೋಗುತ್ತೆ, ನಂಬರ್ ಮತ್ತೆ ಅವರಿಷ್ಟ. ಸಿಗದೇ ಹೋದ್ರೆ ಅತ್ತೆಗೆ ಬಾಲ್ಕನಿಯೇ ಇಲ್ಲ. ಬಾಲ್ಕನಿ ಇದ್ರೆ ಸರಿ, ಇಲ್ದಿದ್ರೂ ಸರಿ ಅನ್ನೋರು ಆಡೋ ಆಟ ಅದು.

ಕೋಟ್ ಮತ್ತೆ ತೆಗೆಸುವಾಗ ಪೋರ್ಟ್ ಚಾರ್ಜ್, ಗ್ರ್ಯಾಚ್ಯುಟಿ (ಸಿಬ್ಬಂದಿಗೆ ಕೊಡೋ ಟಿಪ್ಸ್), ತೆರಿಗೆ ಎಲ್ಲ ಸೇರಿಸಿ ಒಂದೇ ಮೊತ್ತ ಬರೆಸ್ಕೊಳ್ಳಿ. ಗ್ರ್ಯಾಚ್ಯುಟಿ ತಲೆಗೆ, ದಿನಕ್ಕೆ ಇಷ್ಟು ಅಂತ. ಸೂಟ್ ಬಿಟ್ಟು ಉಳಿದ ಕ್ಯಾಬಿನ್‌ಗಳಿಗೆ ಒಂದೇ ದರ, ಬಾಲ್ಕನಿ ಅಂತ ಹೆಚ್ಚು ಕೇಳಿದ್ರೆ ಒಪ್ಪಬೇಡಿ. ವಿದೇಶಿ ಪ್ಯಾಕೇಜ್ ಅಂತ ಏಜೆಂಟ್ ಮೊದಲೇ ಹಿಡಿಯೋ ತೆರಿಗೆ, ಅಂದ್ರೆ ಟಿಸಿಎಸ್, ಯಾರ ಪ್ಯಾನ್ ಮೇಲೆ ಹೋಗುತ್ತೆ ಅಂತ ಮೊದಲೇ ತೀರ್ಮಾನ ಮಾಡಿ, ರಿಟರ್ನ್ಸ್ ಹಾಕೋರ ಹೆಸರಲ್ಲಿ ಇರ್ಲಿ, ವಾಪಸ್ ಹೊಂದಿಸ್ಕೋಬಹುದು. ಸಿಂಗಪುರ ವೀಸಾ ಮಲ್ಟಿಪಲ್ ಎಂಟ್ರಿನೇ ಇರ್ಬೇಕು, ಹಡಗು ಹತ್ತಿದ್ರೆ ದೇಶ ಬಿಟ್ಟ ಲೆಕ್ಕ.

ಡೆಕ್_ಪ್ಲಾನ್

ಡೆಕ್ ಮತ್ತು ಬದಿ ನಾನು ಹೇಳ್ತೀನಿ.

ಹಡಗು ಮುಂದೆ ಹಿಂದೆ ತೂಗೋದು ತಕ್ಕಡಿ ಥರ ಅಲ್ವಾ, ನಡುಭಾಗದಲ್ಲಿ ಕಮ್ಮಿ. ಮೇಲೆ ಹೋದಷ್ಟೂ ಪಕ್ಕಕ್ಕೆ ವಾಲೋದು ಹೆಚ್ಚು ಗೊತ್ತಾಗುತ್ತೆ. ಇಲ್ಲೊಂದು ಪೇಚು: ಅಲುಗಾಟ ಕಮ್ಮಿ ಇರೋದು ಕೆಳಗಿನ ಡೆಕ್‌ನಲ್ಲಿ, ಬಾಲ್ಕನಿ ಶುರುವಾಗೋದು ಮೇಲಿನ ಡೆಕ್‌ನಿಂದ. ಆದ್ರೆ ವಾಕರಿಕೆ ಬಂದಾಗ ತಣ್ಣನೆ ಗಾಳಿ, ದೂರದ ದಿಗಂತ ಎರಡೂ ಕೆಲಸ ಮಾಡುತ್ತೆ, ಇನ್‌ಸೈಡ್‌ನಲ್ಲಿ ಅದು ಸಿಗಲ್ಲ. ಆದ್ರಿಂದ ಬಾಲ್ಕನಿ ಇರೋ ಡೆಕ್‌ಗಳಲ್ಲಿ ಕೆಳಗಿನಿಂದ ಎರಡನೇದೋ ಮೂರನೇದೋ, ನಡುಭಾಗದಲ್ಲಿ ತಗೊಳ್ಳಿ. ತೀರಾ ಕೆಳಗಿನ ಬಾಲ್ಕನಿ ಡೆಕ್ ತಗೋಬೇಡಿ. ಲೈಫ್‌ಬೋಟ್‌ಗಳ ಛಾವಣಿ ಕಣ್ಣಿಗೆ ಅಡ್ಡ ಬರಬಹುದು. ಬುಕಿಂಗ್‌ನಲ್ಲಿ 'ಅಬ್‌ಸ್ಟ್ರಕ್ಟೆಡ್' ಅಂತ ಇದ್ರೆ ಅದೇ ಅರ್ಥ.

ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲ ಇರೋದ್ರಿಂದ ಸಾಮಾನ್ಯವಾಗಿ ಶಾಂತ. ಫುಕೆಟ್ ಕಡೆ ಅಲೆ ಏಳೋದು ನೈಋತ್ಯ ಮುಂಗಾರಲ್ಲಿ, ಮೇನಿಂದ ಅಕ್ಟೋಬರ್. ಟೆಂಡರ್ ದೋಣಿ ರದ್ದಾಗೋದೂ ಆವಾಗಲೇ ಹೆಚ್ಚು. ಜನವರಿ ಒಳ್ಳೆ ಕಾಲ. ವಾಂತಿ ತಡೆಯೋ ಅವೋಮಿನ್ ಥರದ ಮಾತ್ರೆ ಮಂಪರು ತರುತ್ತೆ, ವಯಸ್ಸಾದವರು ರಾತ್ರಿ ಎದ್ದಾಗ ಬೀಳೋ ಅಪಾಯ ಇದೆ. ಅವರ ಬೇರೆ ಮಾತ್ರೆಗಳ ಪಟ್ಟಿ ಹಿಡ್ಕೊಂಡು ಡಾಕ್ಟರ್ ಹತ್ರ ಕೇಳಿಯೇ ಒಯ್ಯಿರಿ.

ನಂಬರ್ ಆರಿಸುವಾಗ ಒಂದೇ ಡೆಕ್‌ನ ಚಿತ್ರ ನೋಡಿದ್ರೆ ಸಾಲದು, ಮೇಲಿನದ್ದೂ ಕೆಳಗಿನದ್ದೂ ಒಂದರ ಮೇಲೊಂದು ಇಟ್ಟು ನೋಡಿ. ಮೇಲೂ ಕೆಳಗೂ ಕ್ಯಾಬಿನ್ ಇದ್ರೆ ನಿಶ್ಶಬ್ದ. ಈಜುಕೊಳದ ಡೆಕ್‌ನ ಕೆಳಗಿದ್ರೆ ನಸುಕಿನಲ್ಲೇ ಕುರ್ಚಿ ಎಳೆಯೋ ಕರಕರ ಶುರು. ಥಿಯೇಟರ್, ಕ್ಲಬ್‌ನ ಮೇಲಿದ್ರೆ ರಾತ್ರಿ ದಬದಬ. ತೀರಾ ಹಿಂದೆ ಎಂಜಿನ್ ಅದುರು, ತೀರಾ ಮುಂದೆ ಲಂಗರಿನ ಸರಪಳಿ ಸದ್ದು; ಫುಕೆಟ್‌ನಲ್ಲಿ ಲಂಗರು ಬೀಳೋದು ಬೆಳಿಗ್ಗೆ. ಪ್ಲಾನ್‌ನಲ್ಲಿ ಖಾಲಿ ಬಿಳಿ ಜಾಗ ಕಂಡ್ರೆ ಅದು ಸಿಬ್ಬಂದಿಯ ಸ್ಟೋರೋ ಅಡುಗೆ ಕೋಣೆಯೋ ಇರುತ್ತೆ, ಗಾಡಿ ತಳ್ಳೋ ಸದ್ದು ಬರುತ್ತೆ, ಪಕ್ಕದ್ದು ಬೇಡ. ಅತ್ತೆಯವರಿಗಾಗಿ ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ದೂರ ಇರ್ಲಿ. ಲಿಫ್ಟ್‌ಗೆ ಅಂಟಿಕೊಂಡಂತೆ ತಗೊಂಡ್ರೆ ಮಧ್ಯರಾತ್ರಿವರೆಗೂ ಜನರ ಮಾತು.

ಬದಿ: ಎಡಬದಿ, ಅಂದ್ರೆ ಪೋರ್ಟ್ ಸೈಡ್. ಹೋಗ್ತಾ ಹಡಗು ವಾಯವ್ಯಕ್ಕೆ ಹೋಗುತ್ತೆ, ಮೊದಲ ದಿನದ ಸೂರ್ಯಾಸ್ತ ಎಡಕ್ಕೆ ಬೀಳುತ್ತೆ. ವಾಪಸ್ ಬರ್ತಾ ಆಗ್ನೇಯಕ್ಕೆ ತಿರುಗಿರುತ್ತೆ, ಆಗ ಎಡಬದಿಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು. ನಾಲ್ಕನೇ ದಿನದ ಹನ್ನೆರಡು ಗಂಟೆಯಲ್ಲಿ ಅತ್ತೆಯವರು ಊಟ ಆದ ಮೇಲೆ ಹೊರಗೆ ಕೂರಬೇಕಂದ್ರೆ ನೆರಳಿರೋ ಬದಿಯೇ ಬೇಕು. ಬಲಬದಿಯವರು ಆ ಹೊತ್ತಿಗೆ ಬಿಸಿಲು ತಡೀಲಾರದೆ ಪರದೆ ಎಳೆದು ಒಳಗಿರ್ತಾರೆ. ಆ ದಿನದ ಸೂರ್ಯಾಸ್ತ ಬಲಬದಿಗೆ ಹೋಗುತ್ತೆ, ಅದನ್ನ ನೋಡೋಕೆ ಆರೂವರೆಗೆ ಲಿಫ್ಟ್ ಹತ್ತಿ ಮೇಲಿನ ಡೆಕ್‌ಗೆ ಬನ್ನಿ. ಸರಿ ಸಂಖ್ಯೆ ಯಾವ ಬದಿ, ಬೆಸ ಸಂಖ್ಯೆ ಯಾವ ಬದಿ ಅನ್ನೋದು ಹಡಗಿನಿಂದ ಹಡಗಿಗೆ ಬೇರೆ. ಪ್ಲಾನ್‌ನಲ್ಲಿ ಹಡಗಿನ ಮೂತಿ ಮೇಲಕ್ಕೆ ಬರೋ ಹಾಗೆ ಹಿಡಿದು, ನಿಮ್ಮ ಎಡಗೈ ಕಡೆ ಇರೋ ನಂಬರ್‌ಗಳಲ್ಲಿ ಎರಡು ಮೂರು ಗುರುತು ಮಾಡಿ ಏಜೆಂಟ್‌ಗೆ ಕಳಿಸಿ. ಸೋಫಾ ಬಾಲ್ಕನಿ ಕಡೆ ಇಲ್ಲದ್ದೇ ಇರ್ಲಿ ಅಂತ ಅದರ ಜೊತೆಗೇ ಬರೀರಿ.